ಸಿಗ್ನಲ್ ಗ್ರೂಪ್ ಕಾಲ್: ಮೂರು ವರ್ಷ ಬಳಸಿದ ಮೇಲೆ

ನಾನು ಆಪ್ತಸಮಾಲೋಚಕಿ. ಗಂಡನ ಕುಡಿತದಿಂದ ನೊಂದ ಹೆಂಗಸರ ಸಣ್ಣ ಗುಂಪೊಂದು ಪ್ರತಿ ಭಾನುವಾರ ರಾತ್ರಿ ಫೋನಿನಲ್ಲೇ ಸೇರುತ್ತದೆ. ನನ್ನನ್ನೂ ಸೇರಿಸಿ 14 ಜನ. ಇಲ್ಲಿ ಆಡಿದ ಒಂದು ಮಾತು ಹೊರಗೆ ಹೋದರೂ ಯಾರದೋ ಮನೆಯಲ್ಲಿ ಏಟು ಬೀಳುತ್ತದೆ.

ಮೊದಲು ಬೇರೊಂದು ಆ್ಯಪ್ ಬಳಸುತ್ತಿದ್ದೆವು. ಲಿಂಕ್ ಇದ್ದವರೆಲ್ಲ ಒಳಗೆ ಬರಬಹುದಿತ್ತು. ಗುಂಪು ಬಿಟ್ಟು ತಿಂಗಳುಗಳೇ ಆಗಿದ್ದವರ ಹೆಸರಿನಲ್ಲಿ ಒಂದು ರಾತ್ರಿ ಯಾರೋ ಬಂದು ಕೂತಿದ್ದರು. ಕ್ಯಾಮೆರಾ ಆಫ್, ಮೈಕ್ ಆಫ್. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವತ್ತೇ ಅದನ್ನು ಬಿಟ್ಟು, ಮೆಸೇಜ್ ಮತ್ತು ಕಾಲ್ ಮಾಡುವ ಸಿಗ್ನಲ್ ಎಂಬ ಆ್ಯಪ್‌ಗೆ ಬಂದೆವು.

ಸಿಗ್ನಲ್‌ನಲ್ಲಿ ನನಗೆ ಹಿಡಿಸಿದ್ದು, ಹೊರಗಿನವರಿಗೆ ಮಾತು ತಿಳಿಯದಂತೆ ಹಾಕುವ ಬೀಗಕ್ಕಿಂತ ಜಾಸ್ತಿ, ಆ ಬೀಗದ ಕೈ, ಅಂದರೆ ಕೀ, ನೋಡಿಕೊಳ್ಳುವ ರೀತಿ. ಕಾಲ್‌ಗೆ ಸೇರಿದ ಕೂಡಲೇ ನಮ್ಮ ಫೋನೇ ಒಂದು ಗುಟ್ಟಿನ ಕೀ ಮಾಡಿ, ಅಲ್ಲಿರುವ ಒಬ್ಬೊಬ್ಬರಿಗೂ ಸಿಗ್ನಲ್ ಮೆಸೇಜ್ ಮೂಲಕವೇ ಕಳಿಸುತ್ತದೆ. ನಡುವಿನ ಸರ್ವರ್ ದನಿ, ವಿಡಿಯೊ ಹಂಚುತ್ತದೆ ಅಷ್ಟೇ. ಕೀ ಅದರ ಕೈಗೆ ಸಿಗುವುದಿಲ್ಲ. ಹೊಸಬರು ಬಂದಾಗ ಕೀ ಬದಲಾಗುತ್ತದೆ, ಹಿಂದೆ ಆಡಿದ್ದನ್ನು ಅವರು ಬಿಚ್ಚಲಾರರು. ಯಾರಾದರೂ ಹೊರಟರೆ ಉಳಿದ ಫೋನುಗಳೆಲ್ಲ ಕೆಲವೇ ಸೆಕೆಂಡಿನಲ್ಲಿ ಹೊಸ ಕೀಗೆ ಹೋಗುತ್ತವೆ. ನಮಗೆ ಬೇಕಿದ್ದದ್ದು ಇದೇ ಅಲ್ವಾ?

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಅಕ್ಕ ಒಬ್ಬರ ಫೋನು ನೀರಿಗೆ ಬಿದ್ದು ಹೊಸದು ತಗೊಂಡರು. ಗುಂಪಿನಲ್ಲಿ ಅವರ ಸೇಫ್ಟಿ ನಂಬರ್ ಬದಲಾಗಿದೆ ಅಂತ ಒಂದು ಸಾಲು ಬಂತು. ನಡುವೆ ಬೇರೆ ಯಾರೂ ಇಲ್ಲ ಅಂತ ನೋಡಲು ಇಬ್ಬರ ಫೋನಿನಲ್ಲೂ ತಾಳೆಯಾಗಬೇಕಾದ ಅಂಕಿಗಳು ಅವು. ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಮಾಮೂಲಿ ಫೋನ್ ಮಾಡಿ ಆ ನಂಬರ್ ಓದಿಸಿದೆ. ಒಟ್ಟು 60 ಅಂಕಿ, ಐದೈದರಂತೆ 12 ತುಂಡು.

"ಇಷ್ಟೂ ಓದ್ಬೇಕಾ ಮೇಡಂ?"

"ಹೂಂ ಅಕ್ಕ, ಇಷ್ಟೂ."

ಏಳನೇ ತುಂಡಿಗೆ ಕನ್ನಡಕ ಹುಡುಕಲು ಎದ್ದು ಹೋದರು. ನಾನು ಕಾದೆ. ದನಿ ಅವರದೇ, ಅಂಕಿಗಳೂ ತಾಳೆಯಾದವು.

ಒಂದು ಕಾಲ್‌ಗೆ 40 ಜನ ಸೇರುವ ಅವಕಾಶ 2021ರ ಕೊನೆಯಲ್ಲೇ ಬಂದಿತ್ತು, ನಮಗೆ ಧಾರಾಳ. 2024ರಿಂದ, ನಂಬರ್ ಸೇವ್ ಮಾಡಿಕೊಂಡಿರದವರಿಗೆ ನಮ್ಮ ನಂಬರ್ ಕಾಣದ ಹಾಗೂ ಆಗಿದೆ. ಹೆಂಗಸರಿಗೆ ಇದು ದೊಡ್ಡ ಸಮಾಧಾನ.

ಕೀಪ್ಯಾಡ್ ಫೋನಿನವರು ಡಯಲ್ ಮಾಡಿ ಸೇರಲು ಆಗುವುದಿಲ್ಲ. ಅಂಥ ಇಬ್ಬರಿಗೆ ಸೋಮವಾರ ನಾನೇ ಬೇರೆಯಾಗಿ ಫೋನ್ ಮಾಡುತ್ತೇನೆ. ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ನಿಂತವರನ್ನು ಯಾವ ಕೀಯೂ ತಡೆಯದು, ಅದಕ್ಕೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ ಅಂತ ಪ್ರತಿ ವಾರ ಹೇಳುತ್ತೇನೆ. ಗುಂಪಿನಲ್ಲಿ ಯಾರಿರಬೇಕು ಅನ್ನುವುದನ್ನೂ ಆ್ಯಪ್ ನೋಡಿಕೊಳ್ಳುವುದಿಲ್ಲ. ಶನಿವಾರ ಸಂಜೆ ಪಟ್ಟಿ ತೆಗೆದು 14 ಹೆಸರನ್ನೂ ಒಂದೊಂದಾಗಿ ಎಣಿಸುತ್ತೇನೆ.