ಟ್ಯೂಡರ್ ಕಾಲದ ಕಾರ್ಡ್ ಆಟ: ನಮ್ಮ ಜಗಲಿಯಲ್ಲಿ ಮೂರು ವಾರ

ಅಕ್ಕನ ಮಗಳಿಗೆಂದು 450 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು. ಇಂಗ್ಲೆಂಡಿನ ಟ್ಯೂಡರ್ ರಾಜರ ಕಾಲದ ಕಾರ್ಡ್ ಆಟ. ಕಾರ್ಡಿನ ಮುಂದೆ ಒಂದು ಘಟನೆ, ಹಿಂದೆ ಇಸವಿ. ಇಸವಿ ನೋಡದೆ ಸಾಲಿನಲ್ಲಿ ಸರಿಯಾದ ಜಾಗಕ್ಕೆ ಇಡಬೇಕು, ತಪ್ಪಿದರೆ ಇನ್ನೊಂದು ಎತ್ತಬೇಕು, ಅಷ್ಟೇ. ಶಿರಸಿಯ ಜುಲೈ ಮಳೆ ಗೊತ್ತಲ್ಲ, ಕರೆಂಟ್ ಇರುವುದಿಲ್ಲ, ಹೊರಗೆ ಹೋಗುವಂತಿಲ್ಲ, ಮೂರು ವಾರದಿಂದ ಜಗಲಿಯಲ್ಲಿ ಇದೇ ಆಟ.

1485ರಲ್ಲಿ ಬಾಸ್ವರ್ತ್ ಯುದ್ಧ ಗೆದ್ದು ಏಳನೇ ಹೆನ್ರಿ ರಾಜನಾಗುವುದು ಮೊದಲ ಕಾರ್ಡ್. 1603ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಲ್ಲಿಗೆ ಆಟ ಮುಗಿಯಿತು. ಗೊಂದಲ ಜಾಸ್ತಿ ಆಗುವುದು ಎಂಟನೇ ಹೆನ್ರಿಯ ಆರು ಹೆಂಡತಿಯರಲ್ಲಿ. ಮೂವರು ಕ್ಯಾಥರೀನ್, ಇಬ್ಬರು ಆನ್, ಒಬ್ಬಳು ಜೇನ್, ಎಲ್ಲರಿಗೂ ಒಂದೇ ಥರದ ಕೆಂಪು ಉಡುಪು! ಚಿತ್ರ ಬರೆದವರು ಇಲ್ಲಿ ಸ್ವಲ್ಪ ಯೋಚಿಸಬೇಕಿತ್ತು. ಎಲಿಜಬೆತ್‌ಳ ತಾಯಿ ಆನ್ ಬೊಲಿನ್ ಕಾರ್ಡ್ ಬಂದಾಗ ಮಾತ್ರ ಹುಡುಗಿ ಆಟ ನಿಲ್ಲಿಸಿ, "ಮಾವ, ಮಗಳು ಸಣ್ಣವಳಿದ್ದಾಗಲೇ ತಾಯಿಯ ತಲೆ ಕಡಿಸಿದ್ನಾ?" ಎಂದು ಕೇಳಿದಳು. ಅದು 1536. ಎಲಿಜಬೆತ್‌ಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಆ ಮಗುವೇ ಮುಂದೆ 44 ವರ್ಷ ಆಳಿದ್ದು ಅಂದ ಮೇಲೆ ಎಲಿಜಬೆತ್ ಕಾರ್ಡನ್ನು ಅವಳು ಯಾರಿಗೂ ಬಿಟ್ಟುಕೊಡುವುದಿಲ್ಲ.

ನನಗೆ ಇಷ್ಟವಾಗಿದ್ದು ಎಂಟನೇ ಹೆನ್ರಿಯ ಯುದ್ಧದ ಹಡಗು ಮೇರಿ ರೋಸ್. 1545ರಲ್ಲಿ ಮುಳುಗಿ, 1982ರಲ್ಲಿ ಮೇಲೆ ಬಂತು. ಅದರೊಳಗೆ ಕಾಳುಮೆಣಸು ಸಿಕ್ಕಿತ್ತು ಅಂತ ಓದಿ ಹೇಳಿದೆ, ಕವಳ ಹಾಕುತ್ತಾ ಕೂತಿದ್ದ ಅಜ್ಜ ಎದ್ದು ಬಂದರು. ಜೀವಮಾನವಿಡೀ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವರು ಅವರು. ಅವತ್ತಿನಿಂದ ದಿನಾ ಆಟಕ್ಕೆ ಹಾಜರು.

ಕೊರತೆಗಳೂ ಇವೆ. 1553ರಲ್ಲಿ ಒಂಬತ್ತು ದಿನ ರಾಣಿಯಾಗಿದ್ದ ಜೇನ್ ಗ್ರೇ ಇಲ್ಲವೇ ಇಲ್ಲ, ಇದು ದೊಡ್ಡ ತಪ್ಪು. ಕಾರ್ಡುಗಳು ಥಂಡಿಗೆ ಬಾಗುತ್ತವೆ, ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ ಇಡಿ. ಬರಹವೆಲ್ಲ ಇಂಗ್ಲಿಷ್, ನಾನು ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಟ್ಟೆ.

ಇನ್ನೊಂದು ವಿಷಯ. 1600ರ ಡಿಸೆಂಬರ್ 31ರಂದು ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟ ಕಾರ್ಡ್ ಇದೆ, ಆದರೆ ಆ ವ್ಯಾಪಾರಿಗಳಿಗೆ ಬೇಕಿದ್ದಿದ್ದು ಕಾಳುಮೆಣಸು ಎಂಬ ಮಾತೇ ಇಲ್ಲ. ಕಾರವಾರದಲ್ಲಿ ಇಂಗ್ಲಿಷರ ಕೋಠಿ ಆಗಿದ್ದು 1638ರಲ್ಲಿ, ಅಷ್ಟೊತ್ತಿಗೆ ಸ್ಟುವರ್ಟ್ ರಾಜರು ಬಂದಾಗಿತ್ತು, ಅದನ್ನು ಬಿಟ್ಟಿದ್ದು ಸರಿ. ಆದರೆ ಗೇರುಸೊಪ್ಪೆಯ ಚೆನ್ನಭೈರಾದೇವಿ? ಪೋರ್ಚುಗೀಸರೇ ಕಾಳುಮೆಣಸಿನ ರಾಣಿ ಅಂತ ಕರೆದವಳು. ಪಟ್ಟಕ್ಕೆ ಬಂದಿದ್ದು 1552ರಲ್ಲಿ, ಎಲಿಜಬೆತ್‌ಗಿಂತ ಆರು ವರ್ಷ ಮೊದಲು, ಆಮೇಲೆ 54 ವರ್ಷ ಆಳಿದಳು. ಹಳೇ ಮದುವೆ ಕಾಗದ ಕತ್ತರಿಸಿ ಹುಡುಗಿ ಅವಳದ್ದೊಂದು ಕಾರ್ಡ್ ಮಾಡಿದ್ದಾಳೆ, ಹಿಂದೆ ಇಸವಿ ಬರೆದಿದ್ದು ಅಜ್ಜ. ಈಗ ಎಲಿಜಬೆತ್ ಪಟ್ಟಕ್ಕೆ ಬರುವ ಕಾರ್ಡ್ ಇಡುವ ಮೊದಲು ಎಲ್ಲರೂ ಚೆನ್ನಭೈರಾದೇವಿಯ ಕಾರ್ಡ್ ಎಲ್ಲಿದೆ ಅಂತ ಹುಡುಕುತ್ತಾರೆ.