ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಚಿತ್ರದುರ್ಗದಲ್ಲಿ ಅಕ್ಕನ ಮೊಮ್ಮಗನ ನಾಮಕರಣ ಮುಗಿಸಿಕೊಂಡು ದಾವಣಗೆರೆಗೆ ವಾಪಸ್ ಬರುತ್ತಿದ್ದೆವು. ಭರಮಸಾಗರ ದಾಟಿ ಸ್ವಲ್ಪ ದೂರ ಬಂದಿದ್ದೆವು ಅಷ್ಟೇ. ಲಾರಿಯೊಂದರ ಹಿಂದೆ ನಿಧಾನ ಮಾಡಿ ಮತ್ತೆ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಕೂಗಿತು, ಕಾರು ಮುಂದೆ ಹೋಗಲಿಲ್ಲ. ಮೀಟರಿನಲ್ಲಿ ಗೇರ್ ತೋರಿಸುವ ಅಕ್ಷರ ಮಿಣುಕತೊಡಗಿತು. ಹಿಂದಿನ ಸೀಟಿನಿಂದ ಅವ್ವ, "ಯಾಕೋ, ಏನಾತು?" ಅಂದರು. ನನಗೂ ಗೊತ್ತಿರಲಿಲ್ಲ.

ಹೇಗೋ ರಸ್ತೆ ಬದಿಗೆ ತಂದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಒಂದನೇ ಗೇರ್ ಬಿತ್ತು, ಎರಡನೆಯದು ಬೀಳಲಿಲ್ಲ. ಒಂದರಿಂದ ನೇರವಾಗಿ ಮೂರಕ್ಕೆ ಧಡಕ್ಕನೆ ಜಿಗಿಯುತ್ತಿತ್ತು. ರಿವರ್ಸ್ ಅಂತೂ ಇಲ್ಲವೇ ಇಲ್ಲ. ಎಪ್ಪತ್ತೆರಡು ವರ್ಷದ ಅವ್ವ ಆ ಬಿಸಿಲಿನಲ್ಲಿ ಸೆರಗು ತಲೆಗೆ ಹೊದ್ದು ಎರಡು ಗಂಟೆ ಕಾದರು. ಇದನ್ನು ಬರೆಯುತ್ತಿರುವುದು ಬೇರೆ ಯಾರ ಮನೆಯವರೂ ಹಾಗೆ ನಿಲ್ಲಬಾರದು ಅಂತ.

ಕಾರು ವಿದೇಶಿ ಕಂಪನಿಯೊಂದರ ಪುಟ್ಟ ಹ್ಯಾಚ್‌ಬ್ಯಾಕ್. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಪುಟ್ಟ ಚಕ್ರ) ಇರೋ ಪೆಟ್ರೋಲ್ ಇಂಜಿನ್, ಏಳು ಗೇರಿನ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್. ಓಡಿಸಿದವರಿಗೆ ಗೊತ್ತು, ಹೈವೇಯಲ್ಲಿ ಅದರ ಖುಷಿಯೇ ಬೇರೆ. ನಾನೂ ಅದಕ್ಕೇ ಮರುಳಾದೆ. 2016ರ ಮಾಡೆಲ್, 58,000 ಕಿಲೋಮೀಟರ್ ಓಡಿತ್ತು. 2022ರಲ್ಲಿ ಬೆಂಗಳೂರಿನಲ್ಲಿ 4.90 ಲಕ್ಷಕ್ಕೆ ತಗೊಂಡೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದ್ದೆ. ತಪ್ಪಾಗಿದ್ದು ಅಲ್ಲೇ.

ಈ ಗೇರ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತೆ ಅಂತ ಕಾರು ಕೆಟ್ಟ ಮೇಲೆ ಕಲಿತೆ. ಒಳಗೆ ಎರಡು ಕ್ಲಚ್ ಇರುತ್ತವೆ. ಒಂದು 1, 3, 5, 7ನೇ ಗೇರಿಗೆ. ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಅದಕ್ಕೇ ನನಗೆ ಅವತ್ತು ಎರಡನೆಯದೂ ರಿವರ್ಸೂ ಒಟ್ಟಿಗೇ ಹೋಗಿದ್ದು. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮೆಕಾಟ್ರಾನಿಕ್ ಅನ್ನೋ ಒಂದು ಘಟಕದ್ದು. ಪಂಪು, ವಾಲ್ವು, ಕಂಪ್ಯೂಟರ್ ಎಲ್ಲ ಅದರಲ್ಲೇ. ನನ್ನ ಕಾರಿನದು ಡ್ರೈ ಕ್ಲಚ್, ಅಂದರೆ ತಂಪು ಮಾಡೋಕೆ ಆಯಿಲ್ ಇಲ್ಲ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಂಜೆ ಆರಕ್ಕೆ ಇಂಚಿಂಚಾಗಿ ತೆವಳುವಾಗ ಒಳಗೆ ಅರ್ಧ ಕ್ಲಚ್‌ನಲ್ಲೇ ಗಾಡಿ ಹೋಗುತ್ತಿರುತ್ತೆ. ಕಾಲಿಗೆ ಕ್ಲಚ್ ಪೆಡಲ್ ಇಲ್ಲ, ಹಾಗಾಗಿ ನಮಗೆ ಗೊತ್ತೇ ಆಗಲ್ಲ. ಕಾವು ಏರುತ್ತೆ, ಪ್ಲೇಟ್ ಸವೆಯುತ್ತೆ.

ದಾವಣಗೆರೆಯಲ್ಲಿ ನನ್ನ ಹಳೇ ಮೆಕ್ಯಾನಿಕ್ ನೋಡಿದವನೇ, "ಸಾರ್, ಇದು ನಾನು ಬಿಚ್ಚೋ ಗಾಡಿ ಅಲ್ರೀ. ಇದಕ್ಕೆ ಟೂಲ್ಸೇ ಬೇರೆ" ಅಂದ. ಪ್ರಾಮಾಣಿಕವಾಗಿ ಹೇಳಿದ, ಅವನಿಗೆ ಈಗಲೂ ಕೃತಜ್ಞ. ಮತ್ತೆ ಲಾರಿ ಮೇಲೆ ಹೇರಿಸಿ ಬೆಂಗಳೂರಿಗೆ ಕಳಿಸಿದೆ. ಅಲ್ಲಿನ ಗ್ಯಾರೇಜಿನಲ್ಲಿ ಬಿಚ್ಚಿದ ಪ್ಲೇಟನ್ನು ಕೈಗೆ ಕೊಟ್ಟರು. ಉಕ್ಕಿನ ಮೇಲೆ ನೀಲಿ ನೀಲಿ ಕಲೆ, ಅಂಚು ಕಪ್ಪಾಗಿತ್ತು, ಸೀದ ವಾಸನೆ ಇನ್ನೂ ಹೋಗಿರಲಿಲ್ಲ. ಉಗುರಿನಲ್ಲಿ ಕೆರೆದರೆ ಕರೀ ಪುಡಿ ಉದುರಿತು.

ಕ್ಲಚ್ ಸೆಟ್ 96,000. ಮೆಕಾಟ್ರಾನಿಕ್ ರಿಪೇರಿ 64,000. ಲೇಬರ್, ಆಯಿಲ್ ಸೇರಿ 18,000. ಗಾಡಿ ಹೊತ್ತು ತಂದಿದ್ದಕ್ಕೆ, ಬೆಂಗಳೂರಿಗೆ ಸಾಗಿಸಿದ್ದಕ್ಕೆ 16,500. ಇನ್ಶೂರೆನ್ಸ್ ಬರುತ್ತೆ ಅಂದುಕೊಂಡಿದ್ದೆ. ಬರಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ಅದು ಅಪಘಾತ, ಕಳವು ಇಂಥದ್ದಕ್ಕೆ. ಸವೆದು ಕೆಟ್ಟಿದ್ದಕ್ಕೆ ಕೊಡುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗುತ್ತಿತ್ತು. ಪೆಟ್ರೋಲ್ ಹೊತ್ತಿಸೋ ಕಿಡಿಗೆ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಹೋಗಿತ್ತು, 4,500. ಬದಲಿಸಿದರೂ ನಡುಕ ಪೂರ್ತಿ ನಿಲ್ಲಲಿಲ್ಲ. ಒಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಇಂಜಿನ್ನಿನೊಳಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವುಗಳ ಮೇಲೆ ಕಾರ್ಬನ್, ವರ್ಷಗಟ್ಟಲೆ ತಿಕ್ಕದ ಕಾವಲಿಯ ಬೆನ್ನಿನಂತೆ ದಪ್ಪಗೆ ಕಟ್ಟಿತ್ತು. ಸಾಮಾನ್ಯ ಪೆಟ್ರೋಲ್ ಇಂಜಿನ್ನಿನಲ್ಲಿ ಪೆಟ್ರೋಲ್ ವಾಲ್ವಿನ ಹಿಂದೆ ಸಿಂಪಡಿಸುತ್ತೆ, ವಾಲ್ವು ತೊಳೆದ ಹಾಗೆ ಆಗುತ್ತೆ. ಇದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಬೀಳುತ್ತೆ. ಹಾಗಾಗಿ ಆಯಿಲ್ ಆವಿ ವಾಲ್ವಿನ ಮೇಲೆ ಕೂತು ಸುಟ್ಟು ಗಟ್ಟಿಯಾಗುತ್ತೆ. ತೆಗೆಸೋಕೆ 14,000. ಆಮೇಲೆ ಬಾತಿ ಹತ್ತಿರ ಒಂದು ಗುಂಡಿಗೆ ಇಳಿದು ಎರಡು ಟೈರಿನ ಪಕ್ಕ ಉಬ್ಬಿತು. ಇಂಥ ಕಾರುಗಳಿಗೆ ಚಂದಕ್ಕೂ ಹಿಡಿತಕ್ಕೂ ಅಂತ ಗಿಡ್ಡ ಪಕ್ಕದ ಟೈರ್ ಹಾಕಿರುತ್ತಾರೆ, ನಮ್ಮ ಗುಂಡಿಗಳಿಗೆ ತಡೆಯಲ್ಲ. ಎರಡಕ್ಕೆ 17,000.

ಎಲ್ಲ ಸೇರಿಸಿ, ಮಾಮೂಲಿ ಸರ್ವಿಸ್ ಬಿಟ್ಟು, ಹದಿನೆಂಟು ತಿಂಗಳಲ್ಲಿ 2,30,000 ರೂಪಾಯಿ. ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ಎಫ್‌ಡಿ ಮುರಿದೆ.

ಹೊಟ್ಟೆ ಉರಿದಿದ್ದು ದುಡ್ಡಿಗಲ್ಲ. ಚಾಸಿ ನಂಬರ್ ಕೊಟ್ಟು ಹಳೇ ಸರ್ವಿಸ್ ದಾಖಲೆ ತೆಗೆಸಿದಾಗ, ನಾನು ಕಾರು ಕೊಳ್ಳುವ ಎರಡು ತಿಂಗಳ ಮುಂಚಿನ ಒಂದು ಸಾಲು ಸಿಕ್ಕಿತು. ಗೇರ್ ಬದಲಾಗುವಾಗ ಜರ್ಕ್, ಎಸ್ಟಿಮೇಟ್ ಕೊಟ್ಟಿದೆ, ಗ್ರಾಹಕರು ಕೆಲಸ ಬೇಡ ಅಂದಿದ್ದಾರೆ. ಮಾರಿದವರಿಗೆ ಗೊತ್ತಿತ್ತು. ಕೊಳ್ಳುವ ಮುಂಚೆ ಒಂದು ದಿನ ಖರ್ಚು ಮಾಡಿ ಇದೇ ದಾಖಲೆ ತೆಗೆಸಿದ್ದರೆ ನನಗೂ ಗೊತ್ತಾಗುತ್ತಿತ್ತು ಅಲ್ವಾ?

ಆದ್ದರಿಂದ ದಯವಿಟ್ಟು ಆ ದಾಖಲೆ ಕೈಗೆ ಬರುವವರೆಗೂ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಕಾರನ್ನು ಬೆಳಗಿನ ತಂಪಿನಲ್ಲಿ ನೋಡಬೇಡಿ. ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿಸಿ, ಚೆನ್ನಾಗಿ ಕಾವೇರಿದ ಮೇಲೆ ಯಾವುದಾದರೂ ಏರಿಗೆ ರಿವರ್ಸ್‌ನಲ್ಲಿ ಹತ್ತಿಸಿ. ನಡುಗಿದರೆ, ಸುಟ್ಟ ವಾಸನೆ ಬಂದರೆ ಅಲ್ಲೇ ಬಿಟ್ಟು ಬನ್ನಿ. ಒಂದರಿಂದ ಎರಡಕ್ಕೆ ಬದಲಾಗುವಾಗ ಗಮನ ಇಡಿ. ಕಾರಿನ ಕಂಪ್ಯೂಟರಿನಲ್ಲಿರುವ ಎರರ್ ಓದುವ ಸ್ಕ್ಯಾನರ್ ಹಾಕಿಸಿ, ಆದರೆ ಹಳೇ ಎರರ್ ಅಳಿಸಿರಬಹುದು, ಅದನ್ನೊಂದೇ ನಂಬಬೇಡಿ. ರೀಮ್ಯಾಪ್, ಅಂದರೆ ಇಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಾವಣೆ, ಮಾಡಿಸಿದ್ದಾರಾ ಅಂತಲೂ ಕೇಳಿ. ಪವರ್ ಜಾಸ್ತಿ ಮಾಡಿಸಿದ್ದರೆ ಕ್ಲಚ್ ಮೇಲೆ ಬೀಳುವ ಹೊರೆಯೂ ಜಾಸ್ತಿ.

ಈಗಾಗಲೇ ಇಂಥ ಕಾರು ಇರುವವರು ಟ್ರಾಫಿಕ್‌ನಲ್ಲಿ ತೆವಳಬೇಡಿ. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ, ಆಮೇಲೆ ಒಂದೇ ಸಲ ಮುಂದೆ ಹೋಗಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತೆ, ಅದಕ್ಕೆ ಆಯಿಲ್ಲೇ ಜೀವ. ನಾನು 8,000 ಕಿಲೋಮೀಟರಿಗೇ ಬದಲಿಸುತ್ತೇನೆ. ಹೈವೇಯಲ್ಲಿ ಜೋರಾಗಿ ಬಂದ ತಕ್ಷಣ ಆಫ್ ಮಾಡದೆ ಒಂದೆರಡು ನಿಮಿಷ ಹಾಗೇ ಬಿಡುತ್ತೇನೆ.

ಈಗ ಕಾರು ಮಾರಾಟಕ್ಕಿದೆ. ಹೋದ ವಾರ ಹೊನ್ನಾಳಿಯಿಂದ ಒಬ್ಬ ಹುಡುಗ ನೋಡೋಕೆ ಬಂದಿದ್ದ. ಅವನು ಸ್ಟಾರ್ಟ್ ಮಾಡುವ ಮುಂಚೆಯೇ ಬಿಲ್ಲಿನ ಫೈಲು ಬಾನೆಟ್ ಮೇಲೆ ಬಿಚ್ಚಿಟ್ಟೆ, ಆ ಹಳೇ ಸಾಲು ಇರುವ ಹಾಳೆಯನ್ನೂ ಸೇರಿಸಿ. ಒಂದೊಂದಾಗಿ ಫೋಟೊ ತೆಗೆದುಕೊಂಡ. "ಮನೇಲಿ ಅಪ್ಪಾಜಿಗೆ ತೋರಿಸಿ ಹೇಳ್ತೀನಿ ಅಣ್ಣ" ಅಂದು ಹೋದ.