ಸೀಸ ಹಿಡಿಯುವ ಪುಟ್ಟ ಯಂತ್ರ: ನಾಲ್ಕು ತಿಂಗಳು ಬಳಸಿದ ಮೇಲೆ

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಅಳೆಯಲು ಅಂಗೈ ಅಗಲದ ಯಂತ್ರವೊಂದನ್ನು ತರಿಸಿದ್ದೆವು. ಫೋನಿಗೆ ಜೋಡಿಸಿದರೆ ಗ್ರಾಫ್ ಬರುತ್ತದೆ. ಕಂಪನಿ ಹೆಸರು ಬೇಡ ಬಿಡಿ.

ಕೆಲಸ ಮಾಡುವ ರೀತಿ ಮಜವಾಗಿದೆ. ನೀರಿಗೆ ಬಫರ್ (ಹುಳಿಯ ಮಟ್ಟ ಏರುಪೇರಾಗದಂತೆ ಹಿಡಿದಿಡುವ ದ್ರಾವಣ), ಬಿಸ್ಮತ್ ಎಂಬ ಲೋಹದ ದ್ರಾವಣ ಚೂರು ಹಾಕಿ, ಕಾರ್ಬನ್ ಸ್ಟ್ರಿಪ್ ಅದ್ದಿ, ಮೈನಸ್ 1.2 ವೋಲ್ಟ್ ಕೊಟ್ಟು ಎರಡು ನಿಮಿಷ ಕಲಕಬೇಕು. ಲೋಹಗಳು ಬಂದು ಸ್ಟ್ರಿಪ್ ಮೇಲೆ ಕೂರುತ್ತವೆ. ಆಮೇಲೆ ವೋಲ್ಟೇಜ್ ಏರಿಸುತ್ತಾ ಹೋದರೆ ಒಂದೊಂದೇ ಇಳಿಯುತ್ತವೆ. ದಾವಣಗೆರೆ ಬಸ್ಸಿನಲ್ಲಿ ಭರಮಸಾಗರದವರು ಮೊದಲು, ಆನಗೋಡಿನವರು ಆಮೇಲೆ ಇಳಿಯುವುದಿಲ್ವಾ, ಹಾಗೆ. ಕ್ಯಾಡ್ಮಿಯಂ ಮೊದಲು, ಸೀಸ ಆಮೇಲೆ. ಇಳಿಯುವಾಗ ಹರಿಯುವ ಕರೆಂಟಿನಿಂದಲೇ ಲೆಕ್ಕ. ತಾಮ್ರ ಮಾತ್ರ ಬಿಸ್ಮತ್ ಜೊತೆ ನೂಕಾಡಿಕೊಂಡು ಇಳಿಯುತ್ತದೆ, ಅದರ ಅಂಕಿ ನಂಬಬೇಡಿ. ಇಂಗಳದಾಳಿನ ಹಳೇ ತಾಮ್ರದ ಗಣಿ ಕಡೆಯವರೊಬ್ಬರು ನೀರು ತಂದಾಗ ಸುಮ್ನೆ ವಾಪಸ್ ಕಳಿಸಬೇಕಾಯಿತು.

ಈ ಯಂತ್ರದ ನಿಜವಾದ ಉಪಯೋಗ ಗೊತ್ತಾಗಿದ್ದು ದೊಡ್ಡಮ್ಮನ ಮನೆಯಲ್ಲಿ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಹಳೇ ಹಿತ್ತಾಳೆ ನಲ್ಲಿಯಿಂದ ಮೊದಲ ಲೋಟ ಹಿಡಿದೆ. ಸೀಸ ಲೀಟರಿಗೆ 14 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500 ಪ್ರಕಾರ ಮಿತಿ 10. "ಅಯ್ಯೋ, ಬೋರ್ ಮುಚ್ಚಿಸಬೇಕೇನಪ್ಪಾ?" ಅಂದರು ದೊಡ್ಡಮ್ಮ. ಮೂರು ನಿಮಿಷ ನೀರು ಬಿಟ್ಟು ಎರಡನೇ ಲೋಟ ಹಿಡಿದೆ. ಗ್ರಾಫಿನಲ್ಲಿ ಸೀಸದ ಗುಡ್ಡವೇ ಇಲ್ಲ! ಬೋರಿನ ತಪ್ಪಲ್ಲ, ರಾತ್ರಿಯೆಲ್ಲಾ ನೀರು ನಿಂತಿದ್ದ ನಲ್ಲಿಯದು; ಹಿತ್ತಾಳೆಯಲ್ಲಿದ್ದ ಸೀಸ ನೀರಿಗೆ ಇಳಿದಿತ್ತು. ಕರಗಿದ ಲವಣಗಳನ್ನೆಲ್ಲಾ ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರ್ ಎರಡೂ ಲೋಟಕ್ಕೆ ಒಂದೇ ಅಂಕಿ ತೋರಿಸಿತ್ತು.

ಈಗ ಬೈಗುಳ. ಮಾರುವಾಗ "ಫ್ಲೋರೈಡೂ ಬರುತ್ತೆ ಸಾರ್" ಅಂದಿದ್ದರು. ಫ್ಲೋರೈಡ್ ಲೋಹವೇ ಅಲ್ಲ, ಅದಕ್ಕೆ ಬೇರೆಯೇ ಎಲೆಕ್ಟ್ರೋಡ್ ಬೇಕು. ನಮ್ಮ ಜಿಲ್ಲೆಯಲ್ಲಿ ಬೋರ್ ನೀರು ತಂದವರು ಮೊದಲು ಕೇಳುವುದೇ ಅದನ್ನ. ಎರಡನೆಯದು ಸ್ಟ್ರಿಪ್. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ವಾರವಾಗಿತ್ತು, ಲೀಟರಿಗೆ 10 ಮೈಕ್ರೋಗ್ರಾಂ ಸೀಸ ನಾನೇ ಸೇರಿಸಿದ ನೀರಿಗೆ 6 ಅಂತ ತೋರಿಸಿತು. ಅಂದಿನಿಂದ ಸ್ಟ್ರಿಪ್ ಎಷ್ಟು ಕಡಿಮೆ ತೋರಿಸುತ್ತಿದೆ ಅಂತ ತಿಳಿಯಲು ಪ್ರತಿ ಸ್ಯಾಂಪಲಿಗೂ ಗೊತ್ತಿರುವಷ್ಟು ಸೀಸ ಸೇರಿಸಿ ಮತ್ತೆ ಅಳೆದೇ ಲೆಕ್ಕ ಹಾಕುತ್ತೇನೆ. ಕೆಲಸ ದುಪ್ಪಟ್ಟು, ಸ್ಟ್ರಿಪ್ ಖರ್ಚೂ ಜಾಸ್ತಿ.

ಲ್ಯಾಬ್ ಇದ್ದವರು ತಗೊಳ್ಳಿ. ಮನೆಗೆ ಬೇಡ. ಐದಕ್ಕೆ ಮೂರು ಸ್ಟಾರ್. ಸ್ಟ್ರಿಪ್ ಬದಲಿಸಿಕೊಟ್ಟರೆ ಇನ್ನರ್ಧ ಸೇರಿಸುತ್ತೇನೆ. ಮೂರು ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ.